ದೀಪ ಇಡುವ ಜಾಗ

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನ ಕಥೆ ಹೇಳಿದರೆ ನೀವೆಲ್ಲ ಪಕ್ಕದವರ ಮುಖ ನೋಡಿ ಕೂತುಬಿಡುತ್ತೀರಿ. ಇವತ್ತು ಹಾಗೆ ತಪ್ಪಿಸಿಕೊಳ್ಳುವಂತಿಲ್ಲ.

ಅವನ ತಾಯಿ ಎರಡು ವರ್ಷ ಹಾಸಿಗೆ ಹಿಡಿದು ಲಿಂಗೈಕ್ಯಳಾದಳು. ಮಗ ಶಿವಗಣಾರಾಧನೆ ಮಾಡಿ ಊರಿಗೆಲ್ಲ ಊಟ ಹಾಕಿಸಿದ. ಊಟ ಮುಗಿದ ಮೇಲೆ ಹಿತ್ತಲಿನಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ನೀರಿನ ಬಾಟಲಿಗಳ ರಾಶಿ. ಒಳಗೆ ತಾಯಿಯ ಕೋಣೆಯಲ್ಲಿ ಹಾಸಿಗೆ, ಔಷಧಿ ಸೀಸೆ, ಹೊದಿಕೆ. ಆ ಕೋಣೆಗೆ ಕಾಲಿಟ್ಟರೆ ಅವನಿಗೆ ಅಳು ಉಕ್ಕಿ ಬರುತ್ತಿತ್ತು. ಟ್ರ್ಯಾಕ್ಟರಿನವನನ್ನು ಕರೆದು ಹೇಳಿದ, "ಎಲ್ಲಾ ತುಂಬ್ಕೊಂಡ್ ಹೋಗಿ ಎಲ್ಲ್ಯಾರ ಒಗದು ಬಾ. ನನ್ನ ಕಣ್ಣಿಗೆ ಬೀಳಬಾರ್ದ ನೋಡು."

ಎಲ್ಲ್ಯಾರ. ಎಲ್ಲಾದರೂ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅದೇ ಊರಿನಲ್ಲಿ ಕೌದಿ ಹೊಲಿದು ಬದುಕುವ ಒಬ್ಬ ವಿಧವೆ. ರಸ್ತೆಯ ತಿರುವಿನಲ್ಲಿ ಅವಳಿಗೆ ಅರ್ಧ ಎಕರೆ ಹೊಲ, ಬೇಲಿಯಿಲ್ಲ. ಗಂಡನನ್ನು ಅಲ್ಲಿಯೇ ಮಣ್ಣು ಮಾಡಿದ್ದಳು. ಒಂದು ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಕರಿಯ ಕಲ್ಲು, ಪಕ್ಕದಲ್ಲಿ ಮೊಣಕಾಲೆತ್ತರದ ಬಿಲ್ವದ ಗಿಡ. ಪ್ರತಿ ಸೋಮವಾರ ಹೋಗಿ ದೀಪ ಹಚ್ಚಿ, ಅವನೊಂದಿಗೆ ನಾಲ್ಕು ಮಾತನಾಡಿ ಬರುತ್ತಿದ್ದಳು. ಸಾಹುಕಾರನ ಮನೆಯ ಆರಾಧನೆಯ ಹೊತ್ತಿಗೆ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಬೇರೆ ಊರಿಗೆ ಹೋಗಿದ್ದಳು.

ಬೇಲಿಯಿಲ್ಲದ ಹೊಲ, ಆಳಿಲ್ಲದ ಹೊತ್ತು. ಟ್ರ್ಯಾಕ್ಟರಿನವನು ಅಲ್ಲೇ ಸುರಿದ. ಮರುದಿನ ಕೋಳಿ ಅಂಗಡಿಯವನ ಚೀಲ ಬಂತು. ಆಮೇಲೆ ಯಾರದೋ ಹಳೆಯ ಮನೆಯ ಇಟ್ಟಿಗೆ ಚೂರು ಬಂತು. ಒಬ್ಬ ಹಾಕಿದ ಕಡೆ ಹತ್ತು ಜನ ಹಾಕುವುದಕ್ಕೆ ನಮಗೆ ಯಾರೂ ಕಲಿಸಿಕೊಡಬೇಕಿಲ್ಲ, ಹೌದೋ ಅಲ್ಲವೋ?

ಅವಳು ತಿರುಗಿ ಬಂದಾಗ ದಿಬ್ಬವೂ ಇಲ್ಲ, ಕಲ್ಲೂ ಇಲ್ಲ, ಆಳೆತ್ತರದ ಕಸ. ನೇರ ಸಾಹುಕಾರನ ಮನೆಗೆ ಹೋದಳು. ಊರಿನ ಪಂಚರಲ್ಲಿ ಅವನೇ ಹಿರಿಯ. "ಸಾವ್ಕಾರ್ರ, ನನ್ನ ಗಂಡನ ಎದಿ ಮ್ಯಾಲೆ ಕಸ ಸುರುವ್ಯಾರ್ರಿ," ಎಂದು ಅತ್ತಳು.

ಅವನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟೇ. "ಅಳಬ್ಯಾಡವ್ವಾ. ಯಾರ್ ಹಾಕ್ಯಾರ, ಅವರ ಕೈಲೇ ತಗಸ್ತೀನಿ," ಎಂದು ನಾಲ್ಕು ಜನರನ್ನು ಕರೆದುಕೊಂಡು ಹೊರಟ. ಚೀಲ ಬಿಚ್ಚಿ ನೋಡೋಣ, ಹೆಸರು, ವಿಳಾಸ ಏನಾದರೂ ಸಿಕ್ಕೀತು ಎಂದರು. ಬಿಚ್ಚುತ್ತಾ ಹೋದರು. ಅವಳೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಗ್ಗಿ ಒಂದು ಬಟ್ಟೆಯ ಗಂಟು ಎಳೆದಳು. ಕೌದಿ! ಅವಳೇ ಹೊಲಿದ ಕೌದಿ. ತನ್ನ ಹೊಲಿಗೆ ತನಗೆ ತಿಳಿಯದೇ? ಸಾಹುಕಾರನ ತಾಯಿ ಹಳೆಯ ಸೀರೆಗಳನ್ನು ತಂದುಕೊಟ್ಟು ಹೊಲಿಸಿದ್ದಳು. ನಡುವೆ ಒಂದು ನೀಲಿ ಚೌಕಳಿಯ ತುಂಡು. "ಇದು ನನ್ನ ಮಗ ಮೊದಲನೇ ದಿನ ಸಾಲಿಗೆ ಹಾಕ್ಕೊಂಡ್ ಹೋದ ಅಂಗಿ. ನನ್ನ ಎದಿ ಮ್ಯಾಲೆ ಬರೂ ಹಂಗ ಹಚ್ಚವ್ವಾ," ಎಂದಿದ್ದಳು ಆ ಮುದುಕಿ.

ಅವಳು ತಲೆಯೆತ್ತಿದಳು. ಸಾಹುಕಾರನೂ ಆ ನೀಲಿ ತುಂಡನ್ನೇ ನೋಡುತ್ತಿದ್ದ.

"ಏನರೆ ಸಿಕ್ತೇನವ್ವಾ?" ಎಂದು ಒಬ್ಬ ಕೇಳಿದ. ಅವಳು ಕೌದಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ಇದರಾಗ ಯಾರ ಹೆಸರೂ ಇಲ್ರಿ," ಎಂದಳು.

ನೋಡಿ, ಆಗಲಾದರೂ ಅವನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಚಿಕೆಯಿಂದ ಮನೆಗೆ ಬಂದವನೇ ಜೆಸಿಬಿಯವನಿಗೆ ಫೋನು ಮಾಡಿದ. "ನಾಳೆ ಮುಂಜಾನೆನ ಆ ಹೊಲ ಸ್ವಚ್ಛ ಮಾಡಿಬಿಡು. ಎಲ್ಲಾ ಎತ್ತಿ ಎಲ್ಲ್ಯಾರ ಹಾಕು."

ಮತ್ತೆ ಅದೇ ಮಾತು! ತಾನು ಹೋಗಲಿಲ್ಲ. ಅವಳನ್ನು ಕೇಳಲಿಲ್ಲ. ಯಂತ್ರ ನಡೆಸುವವನಿಗೆ ಕಸದ ಕೆಳಗೆ ಏನಿದೆ ಎಂದು ಹೇಳುವವರು ಯಾರು? ಅವಳು ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಹೊಲ ಅಂಗೈಯಷ್ಟು ಸಮ. ದಿಬ್ಬ, ಕಲ್ಲು, ಬಿಲ್ವದ ಗಿಡ ಎಲ್ಲವೂ ಕಸದೊಂದಿಗೆ ಟಿಪ್ಪರಿನಲ್ಲಿ ಹೋಗಿದ್ದವು. ಈಗ ಸಾಹುಕಾರ ಚಪ್ಪಲಿ ಮರೆತು ಓಡಿ ಬಂದ. ಎಲ್ಲರ ಎದುರು ಅವಳ ಕಾಲು ಹಿಡಿದ. "ನಂದೇ ಕಸ ಅದು, ಯವ್ವಾ," ಎಂದ. ಟಿಪ್ಪರ್ ಸುರಿದಿದ್ದ ಕಲ್ಲಿನ ಕ್ವಾರಿಗೆ ಇಳಿದು ಮೂರು ದಿನ ಕೈಯಿಂದಲೇ ಕಸ ಕೆದರಿದ. ಕಲ್ಲುಗಳ ಕ್ವಾರಿಯಲ್ಲಿ ಯಾವ ಕಲ್ಲೆಂದು ಹುಡುಕುವುದು?

ಸೋಮವಾರ ಅವಳು ಎಣ್ಣೆ, ಬತ್ತಿ ಹಿಡಿದು ಬಂದಳು. ಸಾಹುಕಾರ ಹೊಲದ ಅಂಚಿನಲ್ಲಿ ನಿಂತಿದ್ದ. ಅವಳು ಬೈಯಲಿಲ್ಲ. ಇಷ್ಟೇ ಕೇಳಿದಳು, "ಹೊಲ ಸ್ವಚ್ಛ ಆತ್ರಿ, ಸಾವ್ಕಾರ್ರ. ದೀಪ ಎಲ್ಲಿ ಇಡ್ಲಿ?"

ಎಲ್ಲಾದರೂ ಇಡು ಎನ್ನಲು ಅವನಿಗೆ ಬಾಯಿ ಬಂದೀತೇ?

ಇನ್ನು ನಿಮ್ಮ ಕಡೆ ಬರುತ್ತೇನೆ. ನನ್ನ ಕಡೆಗೂ. ಹೋದ ವರ್ಷ ಇದೇ ಚಪ್ಪರದಲ್ಲಿ ಪ್ರಸಾದ ಉಂಡು ನೀವು ಬಿಟ್ಟ ತಟ್ಟೆಗಳು ಎಲ್ಲಿಗೆ ಹೋದವು? ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ, ನಾನೂ ಕೇಳಲಿಲ್ಲ. ಅದನ್ನು ನೆನೆದರೆ ಈ ಗದ್ದುಗೆಯ ಮೇಲೆ ಕೂರಲು ನನಗೇ ಸಂಕಟವಾಗುತ್ತದೆ. ಎಲ್ಲಾದರೂ ಎಂಬ ಹೆಸರಿನ ಊರು ಈ ಭೂಮಿಯ ಮೇಲೆ ಇಲ್ಲ. ಅದು ಯಾರದೋ ಹೊಲ, ಯಾರದೋ ಬಾವಿ, ಯಾರೋ ದೀಪ ಇಡುವ ಜಾಗ.

ಇಂದಿನಿಂದ ನಿಮ್ಮ ಮನೆಯ ಕಸ ಹೊತ್ತೊಯ್ಯುವವನನ್ನು ಎಲ್ಲಿಗೆ ಒಯ್ಯುತ್ತೀ ಎಂದು ಕೇಳಿ. ಮದುವೆ ಮಾಡಿದರೆ, ಮನೆ ಕೆಡವಿದರೆ, ಗಾಡಿಯ ಹಿಂದೆ ನೀವೇ ಹೋಗಿ ಅದು ಇಳಿಯುವ ಜಾಗವನ್ನು ಕಣ್ಣಾರೆ ನೋಡಿ. ಯಾರ ಹೊಲದಲ್ಲಾದರೂ ನಿಮ್ಮ ಕಸ ಬಿದ್ದಿದ್ದರೆ ಮೊದಲು ಆ ಮನೆಯ ಬಾಗಿಲಿಗೆ ಹೋಗಿ ನಂದು ಎಂದು ಹೇಳಿ. ಆಮೇಲೆ ಅವರನ್ನು ಕೇಳಿಕೊಂಡು, ಅವರ ಎದುರಿಗೇ ಎತ್ತಿ.

ಈ ಚಪ್ಪರದ ಹಿಂದೆ ಟ್ರ್ಯಾಕ್ಟರ್ ನಿಂತಿದೆ. ಪ್ರಸಾದ ಮುಗಿದ ಮೇಲೆ ನಾನು ಅದನ್ನು ಹತ್ತಿ ಕೂರುತ್ತೇನೆ. ಬರುವವರು ಬನ್ನಿ.

ಅವಳು ಇವತ್ತಿಗೂ ಪ್ರತಿ ಸೋಮವಾರ ದೀಪ ಇಡುತ್ತಾಳಂತೆ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ, ಅಂದಾಜಿನ ಮೇಲೆ.