ಸೈರನ್ ಹಾಕದೆ ಬನ್ನಿ

ಹೇಳಿಕೆ ಕೊಡುತ್ತಿರುವ ನಾನು ನಗರ ಅಗ್ನಿಶಾಮಕ ದಳದ ನಿಯಂತ್ರಣ ಕೊಠಡಿಯಲ್ಲಿ ತುರ್ತು ಕರೆ ಸ್ವೀಕರಿಸುವ ನಿರ್ವಾಹಕಿ. ವಯಸ್ಸು 43 ವರ್ಷ, ಸೇವೆ 17 ವರ್ಷ. ವಾಸ: ಅಗ್ನಿಶಾಮಕ ದಳದ ವಸತಿಗೃಹ, ಎರಡನೇ ಮಹಡಿ, ಮನೆ ನಂಬರ್ 9. ಮುಖ್ಯರಸ್ತೆಯ ಸಿದ್ಧ ಉಡುಪಿನ ಅಂಗಡಿಯ ಮ್ಯಾನೇಜರ್ ನನ್ನ ಮೇಲೆ ದೂರು ಕೊಟ್ಟಿದ್ದು, ಆ ಬಗ್ಗೆ ವಿಚಾರಿಸಲು ಕರೆಸಿದ್ದರಿಂದ ಪೊಲೀಸ್ ಠಾಣೆಗೆ ಹಾಜರಾಗಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಈ ಮೂಲಕ ತಿಳಿಸುವುದೇನೆಂದರೆ:

ಕರೆ ಬಂದ ಕೂಡಲೇ ಎತ್ತುವುದು, ಎಲ್ಲಿ ಬೆಂಕಿ, ಏನು ಉರಿಯುತ್ತಿದೆ, ಒಳಗೆ ಯಾರಿದ್ದಾರೆ ಎಂದು ಕೇಳುವುದು, ವಾಹನ ಕಳಿಸುವುದು, ಅದು ಮುಟ್ಟುವವರೆಗೆ ಕರೆ ಮಾಡಿದವರನ್ನು ಮಾತಿನಲ್ಲಿ ಹಿಡಿದಿಡುವುದು ನನ್ನ ಕೆಲಸ. ಪ್ರತಿ ಕರೆಯೂ ಸೆಕೆಂಡಿನ ಸಮೇತ ರೆಕಾರ್ಡ್ ಆಗುತ್ತದೆ. ಆದ್ದರಿಂದ ಇಲ್ಲಿ ಹೇಳುವ ಸಮಯಗಳು ಯಂತ್ರದವು. ಮ್ಯಾನೇಜರ್ ದೂರಿನಲ್ಲಿ ಬರೆದ ಸಮಯಗಳು ಎಲ್ಲಿಂದ ಬಂದವು ಎಂಬುದನ್ನು ಅವರನ್ನೇ ಕೇಳಬೇಕು.

11ನೇ ತಾರೀಕು ಶನಿವಾರ ಮಧ್ಯಾಹ್ನ 4 ಗಂಟೆ 12 ನಿಮಿಷ 20 ಸೆಕೆಂಡಿಗೆ ಅಂಗಡಿಯ ಕ್ಯಾಶ್ ಕೌಂಟರಿನ ದೂರವಾಣಿಯಿಂದ ಕರೆ ಬಂತು. ಮಾತಾಡಿದ್ದು ಮ್ಯಾನೇಜರ್. ಪಕ್ಕದವರಿಗೆ ಕೇಳಬಾರದು ಎಂಬಂತೆ ದನಿ ತಗ್ಗಿಸಿದ್ದರು. ಮೂರನೇ ಮಹಡಿಯ ಗೋಡೌನ್‌ನಲ್ಲಿ ಸ್ವಲ್ಪ ಹೊಗೆ ಕಾಣುತ್ತಿದೆ, ದೊಡ್ಡದೇನಲ್ಲ ಎಂದರು. ವಿಳಾಸ ಕೇಳಿದ್ದಕ್ಕೆ ಅದು ಊರಿಗೇ ಗೊತ್ತಿರುವ ಅಂಗಡಿ ಎಂದರು. ಊರಿಗೆ ಗೊತ್ತಿರಬಹುದು, ಗಾಡಿಯ ಚಾಲಕನಿಗೆ ಗೊತ್ತಾಗಬೇಕು ಎಂದ ಮೇಲೆ ಕಟ್ಟಡದ ನಂಬರ್ ಕೊಟ್ಟರು. ಇಷ್ಟಕ್ಕೆ 31 ಸೆಕೆಂಡು ಹೋಯಿತು. ಬಳಿಕ ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಸುತ್ತೇನೆ.

"ಮೇಡಂ, ಸೈರನ್ ಹಾಕದೆ ಬರೋಕೆ ಹೇಳಿ. ಇವತ್ತು ಸೇಲ್ ಇದೆ. ಹಿಂದಿನ ಗೇಟಿಂದ ಬಂದ್ರೆ ಇನ್ನೂ ಒಳ್ಳೇದು."

1.8 ಕಿ.ಮೀ. ದೂರದ ಅಗ್ನಿಶಾಮಕ ಠಾಣೆಯಿಂದ 4:13:05ಕ್ಕೆ ಎರಡು ವಾಹನ ಕಳಿಸಿದೆ. ಸೈರನ್ ಹಾಕಿಕೊಂಡೇ ಹೋದವು.

ಒಳಗೆ ಎಷ್ಟು ಜನ ಇದ್ದಾರೆ ಎಂದು ಕೇಳಿದೆ. ನಾಲ್ಕಾರು ಜನ ಎಂದರು. ಅವರ ಬೆನ್ನ ಹಿಂದೆ ಹಾಡು, ಮಕ್ಕಳ ಗಲಾಟೆ, ಎರಡು ಕೊಂಡರೆ ಒಂದು ಉಚಿತ ಎಂದು ಮೈಕಿನಲ್ಲಿ ಕೂಗುತ್ತಿದ್ದದ್ದು ಎಲ್ಲವೂ ರೆಕಾರ್ಡಿನಲ್ಲಿದೆ. ಎಲ್ಲರನ್ನೂ ಈಗಲೇ ಹೊರಗೆ ಕಳಿಸಿ ಎಂದೆ. ಸಾಲಿನಲ್ಲಿ ನಿಂತವರ ಬಿಲ್ ಮುಗಿಯಲಿ ಎಂದರು. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಈ ಕೆಲಸದಲ್ಲಿ ಬಹಳ ಕಂಡಿದ್ದೇನೆ, ಬಿಲ್ ಹಾಕುವವರು ಸಿಕ್ಕಿದ್ದು ಇದೇ ಮೊದಲು. ಮೂರನೇ ಮಹಡಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಯಾರೂ ಇಲ್ಲ ಎಂದರು. ಮೂರನೆಯ ಸಲ ಸ್ವಲ್ಪ ಸಿಡುಕಿದರು. 4:14:50ಕ್ಕೆ ಕರೆ ಕತ್ತರಿಸಿದರು.

ತಕ್ಷಣ ಅದೇ ನಂಬರಿಗೆ ಮರಳಿ ಕರೆ ಮಾಡಿದೆ. ಎತ್ತಿದ್ದು ಅಂಗಡಿಯಲ್ಲಿ ಕಸ ಗುಡಿಸುವ ಹೆಂಗಸು. ಮ್ಯಾನೇಜರ್ ಎಲ್ಲಿ ಎಂದದ್ದಕ್ಕೆ, ಈಗ ತಾನೇ ಬಾಗಿಲು ದಾಟಿ ಹೋದರು ಎಂದಳು. ಮೆಟ್ಟಿಲ ಮೇಲೆ ಹೊಗೆ ಇಳಿಯುತ್ತಿದೆ, ಜನ ಅಗರಬತ್ತಿಯದೋ ಏನೋ ಎಂದುಕೊಂಡು ಬಟ್ಟೆ ಆರಿಸುತ್ತಿದ್ದಾರೆ ಎಂದಳು. ಎಲ್ಲರಿಗೂ ಕೂಗಿ ಹೇಳು ಎಂದೆ.

"ನಾನು ಹೇಳಿದ್ರೆ ಯಾರು ಕೇಳ್ತಾರೆ ಅಕ್ಕಾ? ನಾನು ಕಸ ಗುಡಿಸೋಳು."

ಮೆಟ್ಟಿಲಿಗೆ ಕಿಟಕಿಯ ಬೆಳಕು ಇದೆಯೇ ಎಂದು ಕೇಳಿದೆ. ಧಾರಾಳವಾಗಿದೆ ಎಂದಳು. ಹಾಗಿದ್ದರೆ ಮೇನ್ ಸ್ವಿಚ್ ಆಫ್ ಮಾಡು, ಲಿಫ್ಟ್ ಖಾಲಿ ಇದೆಯೇ ಮೊದಲು ನೋಡು ಎಂದೆ. ಲಿಫ್ಟ್ ಕೆಟ್ಟು ನಾಲ್ಕು ತಿಂಗಳಾಯಿತು ಎಂದಳು. ಮ್ಯಾನೇಜರ್ ಆ ಅಂಗಡಿಯ ಸುರಕ್ಷತೆಗೆ ಮಾಡಿದ ಒಂದೇ ಉಪಕಾರ ಅದು. 4:16:10ಕ್ಕೆ ಹಾಡು ನಿಂತಿತು. ಹಾಡು ಮತ್ತು ದೀಪ ಇಲ್ಲದ ಅಂಗಡಿಯಲ್ಲಿ ಯಾರೂ ನಿಲ್ಲುವುದಿಲ್ಲ. ಜನ ಗೊಣಗುತ್ತಾ ಹೊರಬಿದ್ದರು. ನಮ್ಮವರು ಆಮೇಲೆ ರಸ್ತೆಯಲ್ಲಿ ಎಣಿಸಿದ ಪ್ರಕಾರ 64 ಜನ. ಮ್ಯಾನೇಜರ್ ಹೇಳಿದ ನಾಲ್ಕಾರು ಜನ ಇವರೇ. ಕೆಲವರು ಕೈಯಲ್ಲಿದ್ದ ಬಟ್ಟೆಯ ಸಮೇತ ಹೋದರು ಎಂಬುದು ದೂರಿನ ಮೊದಲ ಅಂಶ. ಹೋಗಿರಬಹುದು.

ಅಷ್ಟರಲ್ಲಿ ಆ ಹೆಂಗಸು, ಟೈಲರ್ ಮಾವ ಇಳಿದದ್ದು ಕಾಣಲಿಲ್ಲ ಎಂದಳು. ಮೂರನೇ ಮಹಡಿಯ ಗೋಡೌನಿನ ಹಿಂದೆ, ಕೊಂಡ ಪ್ಯಾಂಟಿನ ಉದ್ದ ಕತ್ತರಿಸಿ ಹೊಲಿದುಕೊಡುವ ಟೈಲರ್ ಒಬ್ಬರು ಇದ್ದಾರೆ ಎಂಬುದು ಆಗ ತಿಳಿಯಿತು. ಸೇಲಿನ ದಿನ ಗಿರಾಕಿಗಳು ಮೇಲೆ ಹತ್ತಬಾರದೆಂದು ಮೆಟ್ಟಿಲಿನ ಕಬ್ಬಿಣದ ಗ್ರಿಲ್ ಬಾಗಿಲಿಗೆ ಮ್ಯಾನೇಜರ್ ಬೆಳಿಗ್ಗೆಯೇ ಬೀಗ ಹಾಕಿದ್ದರು. ಕೀ ಅವರ ಜೇಬಿನಲ್ಲಿತ್ತು. ಇದನ್ನು 4:17:30ಕ್ಕೆ ವೈರ್‌ಲೆಸ್‌ನಲ್ಲಿ ವಾಹನಗಳಿಗೆ ತಿಳಿಸಿದೆ. ಹೆಂಗಸಿಗೆ ಮೇಲೆ ಹೋಗಬೇಡ, ಹೊರಗೆ ಹೋಗು ಎಂದೆ. ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು, ನೀರಿನ ಬಕೆಟ್ಟಿನ ಹಿಡಿ ಎತ್ತಿದ ಸದ್ದು ಕೇಳಿತು. ಆ ಮೇಲೆ ಆ ಲೈನಿನಲ್ಲಿ ಏನೂ ಇಲ್ಲ. ನಾನು ಅದನ್ನು ಕಿವಿಯಿಂದ ತೆಗೆಯಲಿಲ್ಲ.

ಇನ್ನೊಂದು ಲೈನಿನಿಂದ, ನಮ್ಮ ಕಡತದಲ್ಲಿದ್ದ ಮ್ಯಾನೇಜರ್ ಮೊಬೈಲ್ ನಂಬರಿಗೆ ಕರೆ ಮಾಡಿದೆ. ನಾಲ್ಕು ಸಲ ಕತ್ತರಿಸಿ ಐದನೆಯ ಸಲ, 4:18:45ಕ್ಕೆ, ಎತ್ತಿದರು. ಎದುರು ಫುಟ್‌ಪಾತಿನ ಚಪ್ಪಲಿ ಅಂಗಡಿಯ ನೆರಳಿನಲ್ಲಿ ನಿಂತಿದ್ದಾಗಿ ಅವರೇ ಹೇಳಿದರು. ಟೈಲರ್ ಮೇಲಿದ್ದಾರೆ, ಯಾರೂ ಇಲ್ಲ ಎಂದು ಏಕೆ ಹೇಳಿದಿರಿ ಎಂದು ಕೇಳಿದೆ.

"ಅವರು ನಮ್ಮ ಸ್ಟಾಫ್ ಅಲ್ಲ ಮೇಡಂ. ಪೀಸ್ ವರ್ಕ್, ಒಂದು ಪ್ಯಾಂಟಿಗೆ ಇಷ್ಟು ಅಂತ. ಅದಕ್ಕೇ ಯಾರೂ ಇಲ್ಲ ಅಂದೆ."

ಆ ಟೈಲರ್ ಅಲ್ಲಿ ಕೂರುತ್ತಿರುವುದು 19 ವರ್ಷದಿಂದ. ಕೀ ತೆಗೆದುಕೊಂಡು ಹೋಗಿ ಬಾಗಿಲು ತೆಗೆಯಿರಿ ಎಂದೆ. ತಮಗೆ ಹೊಗೆ ಆಗಿಬರುವುದಿಲ್ಲ ಎಂದರು. ಹೊಗೆ ಆಗಿಬರುವ ಮನುಷ್ಯರನ್ನು ನಾನು ಈ ತನಕ ಕಂಡಿಲ್ಲ. ಆಗ ನಾನು, "ಕೀ ಜೇಬಲ್ಲಿಟ್ಕೊಂಡು ನೆರಳಲ್ಲಿ ನಿಂತಿದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?" ಎಂದೆ. ಏಕವಚನದಲ್ಲಿ ಮಾತಾಡಿಸಿದೆ ಎಂಬುದು ದೂರಿನ ಎರಡನೇ ಅಂಶ. ಅದು ನಿಜ. ಅದಕ್ಕಿಂತ ಕೆಳಗಿನ ವಚನ ನಮ್ಮ ಭಾಷೆಯಲ್ಲಿ ಇಲ್ಲದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

4:19:40ಕ್ಕೆ ವಾಹನಗಳು ಮುಟ್ಟಿದವು, ಒಂದು ಮುಂದಿನ ಬಾಗಿಲಿಗೆ, ಒಂದು ಹಿಂದಿನ ಗೇಟಿಗೆ. ನಮ್ಮವರು ಆಮೇಲೆ ತಿಳಿಸಿದ ಪ್ರಕಾರ, ಮ್ಯಾನೇಜರ್ ಹಿಂದಿನ ಗೇಟಿಗೆ ಬಂದರು. ಎರಡನೇ ಮಹಡಿಯ ಮಾಲಿಗೆ ನೀರು ತಾಗದ ಹಾಗೆ ನೋಡಿಕೊಳ್ಳಿ ಎಂದು ನಮ್ಮ ತಂಡದ ಮುಖ್ಯಸ್ಥರಿಗೆ ಹೇಳಿದರು. ಕೀ ಕೇಳಿದಾಗ ಗೊಂಚಲಿನಲ್ಲಿ ಯಾವುದೆಂದು ತಿಳಿಯದೆ ಒಂದೊಂದಾಗಿ ಎಣಿಸತೊಡಗಿದರು. ತಂಡದವರು ಅವರನ್ನು ಬಿಟ್ಟು ಮೇಲೆ ಓಡಿ ಕಟರಿನಿಂದ ಗ್ರಿಲ್ ಕತ್ತರಿಸಿದರು. 4:24ಕ್ಕೆ ಬಾಗಿಲು ಬಿತ್ತು. ಆ ಹೆಂಗಸು ಗ್ರಿಲ್ಲಿನ ಹೊರಗೆ ಮಂಡಿಯೂರಿ, ನೆಲ ಒರೆಸುವ ಬಕೆಟ್ಟಿನ ನೀರನ್ನು ಸರಳುಗಳ ಸಂದಿಯಿಂದ ಟೈಲರ್ ಮೇಲೆ ಎರಚುತ್ತಿದ್ದಳು. ಟೈಲರ್ ಗ್ರಿಲ್ಲಿನ ಬಳಿಗೆ ಬೆಂಕಿ ಬಾರದ ಹಾಗೆ ಉರಿಯುವ ರಟ್ಟಿನ ಪೆಟ್ಟಿಗೆಗಳನ್ನು ಬರಿಗೈಯಲ್ಲಿ ಹಿಂದಕ್ಕೆ ತಳ್ಳಿದ್ದರು. ಜೀವ ಉಳಿಯಿತು. ಕೈಗಳ ಬಗ್ಗೆ ವೈದ್ಯರು ಈಗಲೇ ಏನೂ ಹೇಳುವುದಿಲ್ಲ ಎಂದಿದ್ದಾರೆ. ವೈರ್‌ಲೆಸ್‌ನಲ್ಲಿ ಇಬ್ಬರೂ ಹೊರಗೆ ಬಂದರು ಎಂದು ಕೇಳಿದ ಮೇಲೆ ಮುಂದಿನ ಕರೆ ಎತ್ತಿದೆ. ಅದು ಬೆಕ್ಕು ಮರದ ಮೇಲೆ ಸಿಕ್ಕಿಕೊಂಡ ಕರೆ. ಕರೆ ಮಾಡಿದ ಮಾತಾಯಿ ಎಲ್ಲವನ್ನೂ ಸರಿಯಾಗಿ ಹೇಳಿದರು.

12ರ ಭಾನುವಾರ ಬೆಳಿಗ್ಗೆ ಮ್ಯಾನೇಜರ್ ದೂರು ಕೊಟ್ಟರು. ಹನ್ನೊಂದು ಗಂಟೆಗೆ ನಮ್ಮ ಮೇಲಧಿಕಾರಿ ನನ್ನನ್ನು ಕರೆಸಿದರು. ಲೈನ್ ಸ್ಪಷ್ಟವಾಗಿರಲಿಲ್ಲ ಎಂದು ಒಂದು ಸಾಲು ಬರೆದುಕೊಡು, ನಿನಗೂ ಮ್ಯಾನೇಜರ್‌ಗೂ ತೊಂದರೆ ಇರುವುದಿಲ್ಲ ಎಂದು ತಿಳಿಹೇಳಿದರು. ಲೈನ್ ಗಾಜಿನಷ್ಟು ಸ್ಪಷ್ಟವಾಗಿತ್ತು ಎಂದೆ. ಅವರು ಫ್ಯಾನ್ ಕಡೆ ನೋಡಿದರು. ನಾನು ಎದ್ದು ಬಂದೆ.

13ರ ಸೋಮವಾರ ಪಾಳಿ ಮುಗಿಸಿ ಸಂಜೆ 5:30ಕ್ಕೆ ಆಸ್ಪತ್ರೆಗೆ ಹೋದೆ. ಕಸ ಗುಡಿಸುವ ಹೆಂಗಸು ಅಲ್ಲಿದ್ದಳು. ಸ್ವಿಚ್ ಮುಟ್ಟಿದ್ದಕ್ಕೆ ಅವಳನ್ನು ಕೆಲಸದಿಂದ ತೆಗೆದಿದ್ದಾರೆ. ದನಿಯಿಂದ ನನ್ನನ್ನು ಗುರುತು ಹಿಡಿದು ಅಕ್ಕಾ ಎಂದಳು. ವಯಸ್ಸಿನಲ್ಲಿ ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಕರೆಯಲ್ಲಿ ಅವಳನ್ನು ನೀನು ಎಂದದ್ದಕ್ಕೆ ಕ್ಷಮಿಸಿ ಎಂದು ಕೇಳಿದೆ. ಅವರು ನಕ್ಕುಬಿಟ್ಟರು.

ಟೈಲರ್‌ಗೆ 61 ವರ್ಷ. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜ್. ಅವರ ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದವರು ದಿಂಬಿನಡಿಯಿಂದ ಒಂದು ಕಾಗದ ತೆಗೆದು ತೋರಿಸಿದರು. ಅಂದು ಬೆಳಿಗ್ಗೆ ಮ್ಯಾನೇಜರ್ ಟೈಪ್ ಮಾಡಿಸಿ ತಂದದ್ದು. ಟೈಲರ್ ಯಾರಿಗೂ ಹೇಳದೆ ಮೇಲೆ ಹೋಗಿ ಮಲಗಿದ್ದರು, ಬೀಗ ಹಾಕಿದವರಿಗೆ ಅವರು ಇರುವುದು ಗೊತ್ತಿರಲಿಲ್ಲ ಎಂದು ಅದರಲ್ಲಿದೆ. ಟೈಲರ್ ನನ್ನೊಡನೆ ಆಡಿದ ಮಾತು ಇಷ್ಟೇ: "ಹೊಲಿಗೆ ಚೆನ್ನಾಗಿದೆಯಮ್ಮಾ. ಆದ್ರೆ ಅಳತೆ ನಂದಲ್ಲ."

ಉಳಿದದ್ದನ್ನು ಅವರ ಹೆಂಡತಿ ಹೇಳಿದರು. ಸಹಿ ಹಾಕಲು ಕೈ ಇಲ್ಲದ್ದನ್ನು ನೋಡಿ ಮ್ಯಾನೇಜರ್ ಜೇಬಿನಿಂದ ಇಂಕ್ ಪ್ಯಾಡ್ ತೆಗೆದು, ಕಾಲಿನ ಹೆಬ್ಬೆರಳಾದರೂ ನಡೆಯುತ್ತದೆ ಎಂದರಂತೆ. ಹೊದಿಕೆಯನ್ನು ತಾವೇ ಸರಿಸಲು ಬಗ್ಗಿದರಂತೆ. ಟೈಲರ್ ಎರಡೂ ಕಾಲನ್ನು ಮಡಚಿ ಹೊದಿಕೆಯೊಳಗೆ ಎಳೆದುಕೊಂಡರಂತೆ. ಹೆಂಡತಿ ಕಾಗದವನ್ನೂ ಪ್ಯಾಡನ್ನೂ ಕಿತ್ತು ಇಟ್ಟುಕೊಂಡರು.

ಅವರು ನನ್ನ ಕೈಗೆ ಕೊಟ್ಟ ಆ ಕಾಗದ, ಇಂಕ್ ಪ್ಯಾಡ್ ಮತ್ತು ಕರೆಗಳ ರೆಕಾರ್ಡಿನ ಪ್ರತಿಯನ್ನು ಈ ಹೇಳಿಕೆಯೊಂದಿಗೆ ಹಾಜರುಪಡಿಸಿದ್ದೇನೆ.

ನಾನು ಹೇಳಿದ್ದನ್ನು ಬರಹಗಾರರು ಬರೆದು ಓದಿ ಹೇಳಿದರು. ಎಲ್ಲವೂ ಸರಿಯಾಗಿದೆ, ನನಗೆ ತಿಳಿದಂತೆ ನಿಜವಾಗಿದೆ. ಯಾರ ಒತ್ತಾಯವೂ ಇಲ್ಲದೆ, ನನ್ನ ಕೈಯಿಂದಲೇ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೊಠಡಿ
ದಿನಾಂಕ: 14, ಮಂಗಳವಾರ, ಬೆಳಿಗ್ಗೆ 10:40
ಸಹಿ: (ನಿರ್ವಾಹಕಿ, ನಿಯಂತ್ರಣ ಕೊಠಡಿ)