ಸ್ಟೇಶನ್ ಗೋಡೆಯ ಟಗರು

ಇರುವೆ ಕೆಮ್ಮಿದರೂ ನನ್ನ ಕಿವಿಗೆ ಕೇಳುತ್ತದೆ. ಸಣ್ಣ ರೈಲುಗಾಡಿಯ ಸ್ಟೇಶನ್ನಿನಲ್ಲಿ ಅಮೋಗಸಿದ್ದ ಹಾಗೂ ಅವನ ಹೆಂಡತಿ ಯಲ್ಲವ್ವ ಟಿಕೀಟಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದರು. ಕಳುವಾದ ಟಗರನ್ನು ಸಂತೆಯಲ್ಲಿ ಹುಡುಕಲು ಹೊರಟವರು. ಎದುರು ಗೋಡೆಯ ಮೇಲೆ ಆನೆಯಷ್ಟು ದೊಡ್ಡ ಟಗರಿನ ಹೊಸ ಚಿತ್ರ.

“ಏ, ಆ ಕಿವಿ ನೋಡ. ಎರಡ ಕಚ್ಚ. ನಾನಽ ಕೊಯ್ದ ಗುರುತ,” ಎಂದ ಅಮೋಗಸಿದ್ದ.

“ಕುರಿಯವರು ಎಲ್ಲಾರೂ ಕಿವಿ ಕೊಯ್ತಾರ್ರಿ.”

“ಮುರದ ಕೊಂಬೂ ನಮ್ಮದಽ. ಚಿತ್ರ ಬರದಾಂವ ನಮ್ಮ ಟಗರನ್ನ ಎಲ್ಲಿ ನೋಡಿದ್ದ?”

“ಚಿತ್ರದಾಗ ಟಗರಿನ ಹಿಂದ ನೀಲಿ ಬಾಗಲಾ ಐತಿ.”

“ಬಾಗಲದ ಮ್ಯಾಲ ಬಡದ ಕುದರಿ ಲಾಳಾ. ನಿಮ್ಮಣ್ಣನ ಮನೀದಽ!”

“ಚಿತ್ರದಾಂವ ಸುಳ್ಳ ಬರದಿರತಾನ.”

“ಕಿವಿ ಖರೆ, ಬಾಗಲಾ ಸುಳ್ಳೇನ?”

“ದೇವರ ಭಂಡಾರ ಮುಟ್ಟಿ ಆಣಿ ಮಾಡಿದ್ನಲ್ರೀ ನಮ್ಮಣ್ಣ, ಟಗರನ್ನ ನೋಡೇ ಇಲ್ಲಂತ...”

ಗಾಡಿ ಮೂರು ತಾಲೂಕಿಗೆ ಕೇಳುವಂತೆ ಸಿಳ್ಳು ಹಾಕಿತು. ಯಲ್ಲವ್ವ ಸಾಲು ಬಿಟ್ಟು ಹೊರನಡೆದಳು.

“ಲಗೂನ ಬರ್ರಿ. ನಮ್ಮಣ್ಣನ ಮನಿಯೊಳಗ ಮದಲ ನಾ ಹೊಕ್ಕೀನಿ.”