ಶುಕ್ರವಾರ ಬಡಿಸಿದ ಮಾಂಸ

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಅಮೆರಿಕದ ವಿಸ್ಕಾನ್ಸಿನ್ನಿನ ನಮ್ಮ ಕ್ಯಾಥೊಲಿಕ್ ಊರಿನಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ. ಮೀನಿಗೆ ಅಡ್ಡಿಯಿಲ್ಲ, ಚರ್ಚಿನ ನೆಲಮಾಳಿಗೆಯಲ್ಲಿ ಹುರಿದ ಮೀನಿಗೆ ಸಾಲು ನಿಲ್ಲುತ್ತೇವೆ. ಮೊನ್ನೆ ನನ್ನ ಮುಂದಿದ್ದವರು ಡೆಲ್ಫೀನ್ ಮತ್ತು ಅವಳ ತಮ್ಮ ನಾರ್ಬರ್ಟ್. ಚುನಾವಣೆ ಬಂದರೆ ಪಕ್ಷಕ್ಕಾಗಿ ಮನೆಮನೆಯ ಬಾಗಿಲು ತಟ್ಟುವವರು ಇವರೇ.

"ಪಕ್ಷದ ನಿಧಿಗೆ ದುಡ್ಡು ಕೂಡಿಸೋ ಔತಣ ಇವತ್ತೇ ಅಲ್ವೇನಕ್ಕಾ? ಹೋಗ್ಲಿಲ್ವಾ?"

"ಏನು ಬಡಿಸ್ತಾರೆ ಗೊತ್ತಾ? ದನದ ಮಾಂಸ. ಶುಕ್ರವಾರ!"

"ಅಯ್ಯೋ ದೇವ್ರೇ. ನಮ್ಮೂರ ಪಕ್ಷದ ಅಧ್ಯಕ್ಷನಿಗೆ ಯಾರೂ ಹೇಳ್ಲಿಲ್ವಾ?"

"ನಾನೇ ಫೋನ್ ಮಾಡಿದ್ದೆ. ದೊಡ್ಡ ದಾನಿಗಳಿಗೆ ಈ ದಿನಾನೇ ಅನುಕೂಲ ಅಂದ."

"ಭಾಷಣದಲ್ಲಿ ಮಾತ್ರ ಬಾಯಿಬಿಟ್ರೆ ನಮ್ಮ ನಂಬಿಕೆ, ನಮ್ಮ ಸಂಪ್ರದಾಯ. ಹೋಗ್ಲಿ, ದಾನಿಗಳಾದ್ರೂ ಬಂದ್ರಾ?"

"ಎಲ್ಲಿ! ಅವ್ರು ಫ್ಲಾರಿಡಾದಲ್ಲಿ ಬಿಸಿಲು ಕಾಯಿಸ್ತಿದಾರೆ. ಬರೋವಾಗ ಕಿಟಕೀಲಿ ಇಣುಕಿದೆ, ಹಾಲ್ ಖಾಲಿ."

"ಊರೋರು?"

"ಹಿಂದೆ ತಿರುಗಿ ನೋಡು."

ನಾರ್ಬರ್ಟ್ ತಿರುಗಿ ನೋಡಿದ. ಸಾಲು ಮೆಟ್ಟಿಲು ಹತ್ತಿ ಬೀದಿಗೆ ಹೋಗಿತ್ತು.

"ಇನ್ನು ಚುನಾವಣೆಗೆ ಅವನು ಕಳಿಸೋ ಪಕ್ಷದ ಬೋರ್ಡು ನನ್ನ ಅಂಗಳದಲ್ಲಿ ನೆಡಲ್ಲ ಕಣೋ."

"ಮತ್ತೆ? ಆ ಕಡೆಯೋರಿಗೆ ಓಟು ಹಾಕ್ತೀಯಾ?"

"ಸುಮ್ನಿರೋ! ಅದಕ್ಕೇ ಮೈ ಉರಿಯೋದು. ನಮಗೆ ಬೇರೆ ದಾರಿ ಇಲ್ಲ ಅಂತ ಅವನಿಗೂ ಗೊತ್ತು."

ಅವರ ಸರದಿ ಬಂತು. ಡೆಲ್ಫೀನ್ ಮೂರು ಊಟ ಕೇಳಿದಳು. ಒಂದನ್ನು ಕಟ್ಟಿಕೊಡಿ ಎಂದಳು.

"ಮೂರನೇದು ಯಾರಿಗಕ್ಕಾ?"

"ಅಧ್ಯಕ್ಷನಿಗೆ. ಒಬ್ನೇ ಕೂತಿರ್ತಾನೆ. ನಾನು ಹೇಳಿದ್ದಂತೂ ಕಿವಿಗೆ ಬೀಳ್ಲಿಲ್ಲ, ಈ ಮೀನಿನ ವಾಸನೆ ಮೂಗಿಗಾದ್ರೂ ತಾಗ್ಲಿ."

ಪೊಟ್ಟಣ ಹಿಡಿದು ಅವಳು ಮೆಟ್ಟಿಲು ಹತ್ತಿದಳು.